ಕಚ್ಚುವ, ಕಿರುಚುವ ಗಿಳಿ ಮತ್ತೆ ನಮ್ಮನ್ನು ನಂಬುತ್ತದಾ?

ಓದುಗರ ಪ್ರಶ್ನೆ: ನಾವು ಮೈಸೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಇದ್ದೇವೆ. ಒಂದೂವರೆ ವರ್ಷದ ಹಿಂದೆ ಸನ್ ಕಾನ್ಯೂರ್ ಜಾತಿಯ ಗಿಳಿಮರಿಯೊಂದನ್ನು ತಂದೆವು. ಹೆಸರು ಮಿಂಚು. ಆಗಿನ್ನೂ ಸಿರಿಂಜಿನಲ್ಲಿ ಗಂಜಿ ಕುಡಿಯುತ್ತಿತ್ತು. ವರ್ಷವಿಡೀ ಎಲ್ಲರ ಹೆಗಲ ಮೇಲೆ ಓಡಾಡಿಕೊಂಡಿತ್ತು. ಎರಡು ತಿಂಗಳಿಂದ ಪೂರ್ತಿ ಬದಲಾಗಿದೆ. ನೀರಿನ ಬಟ್ಟಲು ತೆಗೆಯಲು ಪಂಜರಕ್ಕೆ ಕೈ ಹಾಕಿದರೆ ರಕ್ತ ಬರುವಂತೆ ಕಚ್ಚುತ್ತದೆ. ಹನ್ನೆರಡು ವರ್ಷದ ಮಗಳೊಬ್ಬಳನ್ನೇ ಹತ್ತಿರ ಬಿಡುವುದು. ಅವಳು ಬೆನ್ನು ಸವರುತ್ತಾ ಕೂತರೆ ಅವಳ ಶಾಲಿನೊಳಗೆ ನುಗ್ಗಿ ಗಂಟೆಗಟ್ಟಲೆ ಮಲಗುತ್ತದೆ. ಆಗ ಬೇರೆ ಯಾರಾದರೂ ಹತ್ತಿರ ಹೋದರೆ ಮುಖಕ್ಕೇ ಹಾರುತ್ತದೆ. ನಾನು ಅಡುಗೆಮನೆಗೆ ಹೋದರೆ ಸಾಕು, ಕಿರುಚಾಟ ಶುರು. ನಮ್ಮವರು ಬಂದು ಗದರುತ್ತಾರೆ, ಪಂಜರ ತಟ್ಟುತ್ತಾರೆ, ಕೊನೆಗೆ ಬಟ್ಟೆ ಮುಚ್ಚುತ್ತಾರೆ. ಪಂಜರ ಹಾಲ್‌ನಲ್ಲಿ ಟಿ.ವಿ. ಪಕ್ಕ ಇದೆ. ರಾತ್ರಿ ಹನ್ನೊಂದರ ತನಕ ಎಲ್ಲರೂ ಅಲ್ಲೇ ಇರುತ್ತೇವೆ. ಬಟ್ಟಲಲ್ಲಿ ಸೂರ್ಯಕಾಂತಿ ಬೀಜ ಯಾವಾಗಲೂ ತುಂಬಿರುತ್ತದೆ. ಕೆಳಗಿನ ಮನೆಯವರು ದೂರು ಕೊಟ್ಟಿದ್ದಾರೆ. ಅಂಗಡಿಯವರು ‘ರೆಕ್ಕೆ ಕತ್ತರಿಸಿ, ಒಂದು ದಿನ ಊಟ ಹಾಕಬೇಡಿ, ತಾನೇ ದಾರಿಗೆ ಬರುತ್ತೆ’ ಅಂತಾರೆ. ನಮ್ಮತ್ತೆ ‘ಊರಿನ ಮನೆಯಲ್ಲಿ ಎಷ್ಟೋ ವರ್ಷ ಗಿಣಿ ಇತ್ತು, ಒಂದು ದಿನವೂ ಕಚ್ಚಲಿಲ್ಲ, ಕೂಗಲಿಲ್ಲ’ ಅಂತಾರೆ. ನಾವೇನು ತಪ್ಪು ಮಾಡಿದೆವು? ಅದು ಮತ್ತೆ ನಮ್ಮನ್ನು ನಂಬುತ್ತದಾ? ಜೋಡಿ ತಂದರೆ ಸರಿಹೋಗುತ್ತಾ? ಇಲ್ಲ, ಯಾರಿಗಾದರೂ ಕೊಟ್ಟುಬಿಡುವುದೇ ಒಳ್ಳೆಯದಾ?

ಉತ್ತರ:

ಬೆರಳಿನ ಗಾಯಕ್ಕಿಂತ, ಹೆಗಲ ಮೇಲಿದ್ದ ಹಕ್ಕಿ ದೂರವಾಯಿತಲ್ಲ ಅನ್ನುವ ನೋವೇ ನಿಮಗೆ ಜಾಸ್ತಿ ಅಂತ ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಮೊದಲಿಗೆ ಸಮಾಧಾನದ ಮಾತು. ಹೌದು, ಮಿಂಚು ಮತ್ತೆ ನಿಮ್ಮನ್ನು ನಂಬಬಹುದು. ಸಾಕುಗಿಳಿಗಳಿಗೆ ಚಿಕಿತ್ಸೆ ಕೊಡುವ ನನ್ನ ಹತ್ತಿರ ಇಂಥ ಹಕ್ಕಿಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಬಹಳಷ್ಟು ಸುಧಾರಿಸಿವೆ. ಆದರೆ ಇದು ವಾರದ ಕೆಲಸ ಅಲ್ಲ, ತಿಂಗಳುಗಳು ಬೇಕು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಕಚ್ಚುವುದು ಹೆಚ್ಚುಕಡಿಮೆ ನಿಲ್ಲಬಹುದು, ಕೂಗುವುದು ಪೂರ್ತಿ ನಿಲ್ಲುವುದಿಲ್ಲ. ಸನ್ ಕಾನ್ಯೂರ್ ದಕ್ಷಿಣ ಅಮೆರಿಕದ ಗಯಾನಾ ಮತ್ತು ಉತ್ತರ ಬ್ರೆಜಿಲ್ ಕಡೆಯ ಹಕ್ಕಿ. ಅಲ್ಲಿ ಹಿಂಡಾಗಿ ಹಾರುತ್ತಾ, ದೂರದಲ್ಲಿರುವ ಸಂಗಾತಿಗಳಿಗೆ ಕೇಳಿಸಲಿ ಅಂತ ಕೂಗುತ್ತದೆ. ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ ಇರುವ ಸನ್ ಕಾನ್ಯೂರ್ ಎಲ್ಲೂ ಸಿಗುವುದಿಲ್ಲ. ಕೊಳ್ಳುವಾಗಲೇ ಇದನ್ನು ನಿಮಗೆ ಯಾರಾದರೂ ಹೇಳಬೇಕಿತ್ತು.

ಮುಂದೆ ಹೋಗುವ ಮೊದಲು ಹಕ್ಕಿಯನ್ನು ಪಶುವೈದ್ಯರಿಗೆ ತೋರಿಸಿ. ಎರಡೇ ತಿಂಗಳಲ್ಲಿ ಸ್ವಭಾವ ಹೀಗೆ ಬದಲಾಗಿದ್ದರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಗಿಳಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯ ಮೇಲೇ ಹದ್ದು, ಡೇಗೆಗಳ ಕಣ್ಣು ಮೊದಲು ಬೀಳುವುದು. ಹಾಗಾಗಿ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಗರಿ ಉಬ್ಬಿಸಿಕೊಂಡು ಕೂರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಹೋಗಿ. ಹಕ್ಕಿಗಳನ್ನು ನೋಡಿ ಅಭ್ಯಾಸ ಇರುವ ವೈದ್ಯರೇ ಬೇಕು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗದಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಜೊತೆಗೆ ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ತಕ್ಕಡಿಯೊಂದನ್ನು ಕೊಳ್ಳಿ. ದಿನಾ ಬೆಳಗ್ಗೆ ಊಟಕ್ಕೆ ಮೊದಲು ತೂಕ ಬರೆದಿಡಿ. ಸನ್ ಕಾನ್ಯೂರ್ ಸಾಮಾನ್ಯವಾಗಿ 100ರಿಂದ 120 ಗ್ರಾಂ ತೂಗುತ್ತದೆ. ಅದರಲ್ಲಿ ಹತ್ತು ಗ್ರಾಂ ಇಳಿದರೂ ದೊಡ್ಡ ವಿಷಯ.

ಕಾಯಿಲೆ ಇಲ್ಲ ಅಂತ ಇಟ್ಟುಕೊಳ್ಳೋಣ. ಆಗ ಕಾರಣದ ಬಹುಪಾಲು ನಿಮ್ಮ ಪತ್ರದಲ್ಲೇ ಇದೆ.

ಈಗೇಕೆ ಬದಲಾಯಿತು?

ಮಿಂಚುವಿಗೆ ಈಗ ಎರಡು ವರ್ಷ ಹತ್ತಿರ. ಸನ್ ಕಾನ್ಯೂರ್ ಬೆದೆಗೆ ಬರುವ ವಯಸ್ಸು ಅದೇ. ಮರಿಯಾಗಿದ್ದಾಗ ಇಡೀ ಮನೆ ಅದಕ್ಕೆ ತಾಯಿ. ಪ್ರಾಯಕ್ಕೆ ಬಂದ ಗಿಳಿ ಒಂದು ಜೋಡಿಯನ್ನು ಹುಡುಕುತ್ತದೆ, ಒಂದು ಗೂಡನ್ನು ಹುಡುಕುತ್ತದೆ, ಆ ಎರಡನ್ನೂ ಕಾಯುತ್ತದೆ. ಮಿಂಚು ನಿಮ್ಮ ಮಗಳನ್ನು ಜೋಡಿ ಅಂದುಕೊಂಡಿದೆ. ಅವಳ ಶಾಲೇ ಗೂಡು. ಹತ್ತಿರ ಬರುವ ನೀವಿಬ್ಬರೂ ಆ ಗೂಡಿನ ಮೇಲೆ ಕಣ್ಣಿಟ್ಟವರು. ಇದಕ್ಕೆ ಹೊಟ್ಟೆಕಿಚ್ಚು, ಕೊಬ್ಬು ಅಂತೆಲ್ಲ ಹೆಸರಿಡಬೇಡಿ. ಹಕ್ಕಿಯ ಮೈಯಲ್ಲಿ ಹಾರ್ಮೋನು ಮಾಡುವ ಕೆಲಸ ಅದು.

ಬೆನ್ನು ಸವರುವುದು ಇಲ್ಲಿ ತುಂಬ ಮುಖ್ಯ. ಗಿಳಿಗಳು ಒಂದಕ್ಕೊಂದು ತಲೆ ಮತ್ತು ಕತ್ತಿನ ಗರಿಗಳನ್ನು ಬಾಚಿಕೊಡುತ್ತವೆ. ಅದು ಸ್ನೇಹ. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ ಮುಟ್ಟುವುದು ಜೋಡಿ ಹಕ್ಕಿಗೆ ಮಾತ್ರ ಬಿಟ್ಟ ವಿಷಯ. ಪಾಪ, ಮಗಳು ಬೆಕ್ಕಿನ ಮರಿಯನ್ನು ಸವರಿದ ಹಾಗೆ ಪ್ರೀತಿಯಿಂದ ಸವರುತ್ತಾಳೆ. ಹಕ್ಕಿಯ ಮೈಗೆ ಅದು ಸಂತಾನದ ಕರೆಯಾಗಿ ಕೇಳಿಸುತ್ತದೆ. ಕತ್ತಲೆಯ ಬೆಚ್ಚನೆ ಜಾಗ, ಅಂದರೆ ಶಾಲು, ಶೂ ಡಬ್ಬ, ಸೋಫಾದ ಸಂದಿ, ಅಂಗಡಿಯಲ್ಲಿ ಮಾರುವ ಬಟ್ಟೆಯ ಗುಡಿಸಲು, ಇವೆಲ್ಲ ಅದಕ್ಕೆ ಗೂಡಿನ ಪೊಟರೆಯೇ. ರಾತ್ರಿ ಹನ್ನೊಂದರ ತನಕ ದೀಪ ಉರಿದರೆ ಹಗಲು ಉದ್ದವಾಯಿತು, ಮರಿ ಮಾಡುವ ಕಾಲ ಬಂತು ಅಂತ ಅದರ ಮೈ ಲೆಕ್ಕ ಹಾಕುತ್ತದೆ. ದಿನವಿಡೀ ಎಣ್ಣೆಯಂಶದ ಬೀಜ ತುಂಬಿದ ಬಟ್ಟಲೂ ಅದನ್ನೇ ಹೇಳುತ್ತದೆ: ಊಟಕ್ಕೆ ಬರವಿಲ್ಲ, ಮರಿ ಸಾಕಬಹುದು.

ನಿದ್ದೆಯದ್ದು ಇನ್ನೊಂದು ಕಷ್ಟ. ಗಿಳಿಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು. ಬೆಳಗ್ಗೆ ಆರಕ್ಕೆ ಅಡುಗೆಮನೆಯ ಸದ್ದು ಶುರುವಾಗುತ್ತದೆ ಅಂದುಕೊಂಡರೆ, ಮಿಂಚುವಿಗೆ ಸಿಗುತ್ತಿರುವುದು ಬರೀ ಏಳು ಗಂಟೆ. ನಿದ್ದೆಗೆಟ್ಟ ಹಕ್ಕಿ ಸಣ್ಣ ವಿಷಯಕ್ಕೂ ಕೆರಳುತ್ತದೆ.

ಹಾಗಾಗಿ ನಿಮ್ಮ ‘ಏನು ತಪ್ಪು ಮಾಡಿದೆವು’ ಎಂಬ ಪ್ರಶ್ನೆಗೆ ನನ್ನ ಉತ್ತರ: ಪ್ರೀತಿಯಲ್ಲಿ ಏನೂ ಕೊರತೆ ಆಗಿಲ್ಲ. ಮರಿ ದೊಡ್ಡದಾಯಿತು. ಅದನ್ನು ನಡೆಸಿಕೊಳ್ಳುವ ರೀತಿ ಮಾತ್ರ ಮರಿಯ ಕಾಲದ್ದೇ ಉಳಿಯಿತು.

ಕಚ್ಚುವ ಮೊದಲು ಅದು ಎಷ್ಟು ಸಲ ಹೇಳಿರುತ್ತದೆ!

‘ಸುಮ್ನೆ ಕೂತಿತ್ತು, ಇದ್ದಕ್ಕಿದ್ದಂತೆ ಕಚ್ಚಿತು’ ಅನ್ನುವ ಮಾತು ನನ್ನ ಕೋಣೆಯಲ್ಲಿ ದಿನಾ ಕೇಳಿಬರುತ್ತದೆ. ಇದ್ದಕ್ಕಿದ್ದಂತೆ ಕಚ್ಚುವ ಗಿಳಿ ಬಹಳ ಅಪರೂಪ. ಮೊದಲು ಮೈಯನ್ನು ಕೊಂಚ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಗರಿಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡು ಅಲುಗಾಡದೆ ನಿಲ್ಲುತ್ತದೆ. ಕೆಲವು ಹಕ್ಕಿಗಳು ಕತ್ತಿನ ಗರಿ ನಿಗುರಿಸಿ ಬಾಲವನ್ನು ಬೀಸಣಿಗೆಯಂತೆ ಬಿಚ್ಚುತ್ತವೆ. ಕಣ್ಣಿನ ಪಾಪೆ ಚಕಚಕ ಹಿಗ್ಗಿ ಕುಗ್ಗುತ್ತದೆ. ಕೊಕ್ಕು ಅರ್ಧ ತೆರೆಯುತ್ತದೆ. ಇಷ್ಟಾದರೂ ಕೈ ಮುಂದೆ ಬರುತ್ತಲೇ ಇದ್ದರೆ ಅದಕ್ಕೆ ಉಳಿದಿರುವುದು ಕೊಕ್ಕು ಮಾತ್ರ. ಕಚ್ಚಿದ ಕೂಡಲೇ ಕೈ ಹಿಂದೆ ಹೋಗುತ್ತದೆ. ಸರಿಯುವುದು, ಬಿಗಿದು ನಿಲ್ಲುವುದು ಯಾವುದೂ ಕೆಲಸ ಮಾಡಲಿಲ್ಲ, ಕಚ್ಚಿದ್ದು ಕೆಲಸ ಮಾಡಿತು ಅಂತ ಹಕ್ಕಿ ಕಲಿಯುತ್ತದೆ. ಕೆಲವು ವಾರ ಕಳೆದರೆ ಮೊದಲಿನ ಸೂಚನೆಗಳನ್ನೆಲ್ಲ ಬಿಟ್ಟು ನೇರವಾಗಿ ಕಚ್ಚಲು ಶುರುಮಾಡುತ್ತದೆ.

ನಂಬಿಕೆ ಕಟ್ಟುವ ಕೆಲಸ ಶುರುವಾಗುವುದು ಇಲ್ಲಿಂದಲೇ ಅಂತ ನನ್ನ ಅನುಭವ. ಹಕ್ಕಿ ‘ಬೇಡ’ ಅಂದಾಗ ನಾವು ನಿಲ್ಲಬೇಕು. ಮಿಂಚು ಹಿಂದಕ್ಕೆ ವಾಲಿದ ಕೂಡಲೇ ನಿಮ್ಮ ಕೈ ನಿಲ್ಲಲಿ, ಒಂದು ಹೆಜ್ಜೆ ಹಿಂದೆ ಬನ್ನಿ. ಇದನ್ನು ಕೇಳಿದವರೆಲ್ಲ ‘ಹಾಗೆ ಮಾಡಿದರೆ ಅದು ಇನ್ನೂ ತಲೆ ಮೇಲೆ ಕೂರುವುದಿಲ್ವಾ?’ ಅಂತ ಕೇಳುತ್ತಾರೆ. ಇಲ್ಲ. ಕಚ್ಚದೆಯೂ ತನ್ನ ಮಾತು ನಡೆಯುತ್ತದೆ ಅಂತ ಗೊತ್ತಾದ ಹಕ್ಕಿಗೆ ಕಚ್ಚುವ ಅಗತ್ಯ ಕಡಿಮೆಯಾಗುತ್ತದೆ. ಗಿಳಿ ಎತ್ತರದಲ್ಲಿ ಕೂತರೆ ಯಜಮಾನನಾಗುತ್ತದೆ, ಅದಕ್ಕೆ ನಮ್ಮ ಅಧಿಕಾರ ತೋರಿಸಬೇಕು ಅನ್ನುವುದು ಹಳೆಯ ತಪ್ಪು ಕಲ್ಪನೆ. ಎತ್ತರದ ಕೊಂಬೆ ಹಕ್ಕಿಗೆ ಸುರಕ್ಷಿತ ಅನ್ನಿಸುವ ಜಾಗ, ಅಷ್ಟೇ.

ಅಂದಹಾಗೆ, ಕೊಕ್ಕು ತಗುಲಿದ್ದೆಲ್ಲ ಕಚ್ಚುವುದಲ್ಲ. ಗಿಳಿ ಹತ್ತುವಾಗ ಕೊಕ್ಕನ್ನು ಮೂರನೆಯ ಕಾಲಿನಂತೆ ಬಳಸುತ್ತದೆ. ಕೈ ಮೇಲೆ ಹೆಜ್ಜೆ ಇಡುವ ಮೊದಲು ಕೊಕ್ಕಿನಿಂದ ಮುಟ್ಟಿ, ಗಟ್ಟಿ ಇದೆಯಾ ಅಂತ ನೋಡುತ್ತದೆ. ನಾವು ಹೆದರಿ ಕೈ ಎಳೆದುಕೊಂಡರೆ ಬೀಳುವ ಭಯಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಬಹಳ ಮನೆಗಳಲ್ಲಿ ಮೊದಲ ಗಾಯ ಹೀಗೇ ಆಗಿರುತ್ತದೆ.

ನಿಮ್ಮತ್ತೆಯ ಗಿಣಿ

ನಿಮ್ಮತ್ತೆ ಹೇಳಿದ್ದು ಸುಳ್ಳಲ್ಲ. ನಮ್ಮ ಹಳ್ಳಿ ಮನೆಗಳ ಜಗಲಿಯಲ್ಲಿ ತೂಗುತ್ತಿದ್ದ ಪಂಜರದ ಗಿಣಿಗಳು ನಿಜಕ್ಕೂ ಸುಮ್ಮನೆ ಕೂರುತ್ತಿದ್ದವು. ಆದರೆ ಆ ಮೌನ ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ. ಕಾಡಿನ ಪೊಟರೆಯಿಂದ ಮರಿಯಾಗಿದ್ದಾಗಲೇ ತೆಗೆದ ಹಕ್ಕಿ, ರೆಕ್ಕೆ ಬಿಚ್ಚಲೂ ಆಗದ ಪಂಜರ, ಜೊತೆಗೆ ಇನ್ನೊಂದು ಗಿಣಿ ಇಲ್ಲ. ಕೂಗಿದರೆ ಉತ್ತರ ಇಲ್ಲ, ಸರಿದರೆ ಜಾಗ ಇಲ್ಲ. ಏನು ಮಾಡಿದರೂ ಏನೂ ಬದಲಾಗುವುದಿಲ್ಲ ಅಂತ ಗೊತ್ತಾದ ಪ್ರಾಣಿ ಪ್ರಯತ್ನ ಮಾಡುವುದನ್ನೇ ಬಿಡುತ್ತದೆ. ಹೊರಗಿನಿಂದ ನೋಡಿದರೆ ಅದು ಸಾಧುವಾಗಿ ಕಾಣುತ್ತದೆ. ಅವರ ಮನೆಯವರು ಅದಕ್ಕೆ ಪ್ರೀತಿಯಿಂದಲೇ ಹಣ್ಣು, ಮೆಣಸಿನಕಾಯಿ ಹಾಕಿರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆ ಕಾಲದಲ್ಲಿ ಹೆಚ್ಚಿನವರಿಗೆ ಇದೆಲ್ಲ ತಿಳಿದಿರಲಿಲ್ಲ. ಆದರೆ ಮಿಂಚುವನ್ನು ಆ ಮೌನಕ್ಕೆ ಹೋಲಿಸಬೇಡಿ. ಕೂಗುತ್ತಿದೆ ಅಂದರೆ, ಯಾರಾದರೂ ಕೇಳಿಸಿಕೊಳ್ಳುತ್ತಾರೆ ಅನ್ನುವ ನಿರೀಕ್ಷೆ ಅದಕ್ಕೆ ಇನ್ನೂ ಇದೆ.

ಇದೇ ಜಾಗದಲ್ಲಿ ಬೇರೆ ಓದುಗರಿಗೂ ಒಂದು ಮಾತು ಹೇಳಬೇಕು. ಕತ್ತಿನಲ್ಲಿ ಗುಲಾಬಿ ಉಂಗುರವಿರುವ ನಮ್ಮ ಹಸಿರು ಗಿಣಿ, ಭುಜದಲ್ಲಿ ಕೆಂಪು ಮಚ್ಚೆಯಿರುವ ದೊಡ್ಡ ಗಿಣಿ, ಇವೆಲ್ಲ ನಮ್ಮ ಕಾಡಿನ ಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಮನೆಯಲ್ಲಿ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. ನೀವೇ ಬಾಗಿಲು ತೆಗೆದು ಹಾರಿಬಿಡಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿಗೆ ಹಾರುವ ಶಕ್ತಿ ಇರುವುದಿಲ್ಲ, ಕಾಗೆ ಮತ್ತು ಹದ್ದುಗಳಿಂದ ತಪ್ಪಿಸಿಕೊಳ್ಳಲೂ ಬರುವುದಿಲ್ಲ.

ಅಂಗಡಿಯವರ ಸಲಹೆಗಳು

ಊಟ ಹಾಕಬೇಡಿ ಅಂದಿದ್ದನ್ನು ದಯವಿಟ್ಟು ಮರೆತುಬಿಡಿ. ನೂರು ಗ್ರಾಂ ತೂಗುವ ಹಕ್ಕಿಯ ಮೈಯಲ್ಲಿ ಉಪವಾಸ ತಡೆಯುವಷ್ಟು ದಾಸ್ತಾನು ಇರುವುದಿಲ್ಲ. ಹಸಿದ ಹಕ್ಕಿ ಕೈ ಮೇಲೆ ಬಂದರೆ ಅದು ಹಸಿವಿಗೆ ಬಂದದ್ದು, ನಿಮ್ಮ ಮೇಲಿನ ನಂಬಿಕೆಗಲ್ಲ.

ರೆಕ್ಕೆ ಕತ್ತರಿಸುವ ಬಗ್ಗೆ ವೈದ್ಯರಲ್ಲೂ ಎರಡು ಅಭಿಪ್ರಾಯ ಇದೆ. ಪರವಾಗಿ ಹೇಳುವವರ ಮುಖ್ಯ ಕಾರಣ ಸೀಲಿಂಗ್ ಫ್ಯಾನ್ ಮತ್ತು ತೆರೆದ ಕಿಟಕಿ. ಅದು ನಿಜವಾದ ಅಪಾಯವೇ. ನಮ್ಮ ಮನೆಗಳಲ್ಲಿ ಫ್ಯಾನಿಗೆ ಸಿಕ್ಕಿ ಸತ್ತ ಗಿಳಿಗಳ ಕಥೆಗೆ ಕೊನೆಯಿಲ್ಲ. ಆದರೆ ಕಚ್ಚುವುದನ್ನು ನಿಲ್ಲಿಸಲು ರೆಕ್ಕೆ ಕತ್ತರಿಸುವುದು ಉಲ್ಟಾ ಕೆಲಸ. ಹೆದರಿದ ಹಕ್ಕಿಗೆ ಹಾರಿಹೋಗುವುದೇ ಮೊದಲ ದಾರಿ. ಅದನ್ನು ಮುಚ್ಚಿದರೆ ಉಳಿಯುವುದು ಕಚ್ಚುವ ದಾರಿ. ಜಾಸ್ತಿ ಕತ್ತರಿಸಿದರೆ ಹಕ್ಕಿ ಕಲ್ಲಿನಂತೆ ಬಿದ್ದು ಎದೆಯ ಮೂಳೆಗೆ ಪೆಟ್ಟಾಗುತ್ತದೆ. ಬೆಳೆಯುತ್ತಿರುವ ಗರಿಯನ್ನು ಕತ್ತರಿಸಿದರೆ ರಕ್ತ ಸುರಿಯುತ್ತದೆ. ನನ್ನ ಸಲಹೆ: ರೆಕ್ಕೆ ಮುಟ್ಟಬೇಡಿ. ಕಿಟಕಿ, ಬಾಲ್ಕನಿಗೆ ಜಾಲರಿ ಹಾಕಿಸಿ. ಹಕ್ಕಿ ಹೊರಗಿರುವಾಗ ಫ್ಯಾನ್ ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ, ಯಾರೂ ಅಭ್ಯಾಸಬಲದಿಂದ ಒತ್ತದಂತೆ.

ಪಂಜರ ತಟ್ಟುವುದು, ಕೊಕ್ಕಿಗೆ ಬೆರಳಿನಿಂದ ಹೊಡೆಯುವುದು, ಮುಖಕ್ಕೆ ನೀರು ಚಿಮುಕಿಸುವುದು, ಇವೆಲ್ಲ ಆ ಕ್ಷಣಕ್ಕೆ ಹಕ್ಕಿಯನ್ನು ಸುಮ್ಮನಾಗಿಸುತ್ತವೆ. ಅದಕ್ಕೇ ಜನ ನಂಬುತ್ತಾರೆ. ಅದು ಸುಮ್ಮನಾಗುವುದು ಭಯಕ್ಕೆ. ನಿಮ್ಮ ಕೈ ಅಂದರೆ ಏಟು ಅಂತ ಅದರ ನೆನಪಿನಲ್ಲಿ ಉಳಿಯುತ್ತದೆ.

ಈಗ ಏನು ಮಾಡಬೇಕು

ಮೊದಲ ಎರಡು ವಾರ ಹಕ್ಕಿಯನ್ನು ತಿದ್ದಲು ಹೋಗಬೇಡಿ. ಬರೀ ಮನೆಯ ವ್ಯವಸ್ಥೆ ಬದಲಿಸಿ. ಸಂಜೆ ಏಳರ ಹೊತ್ತಿಗೆ ಅದಕ್ಕೆ ಕತ್ತಲೆಯ, ಸದ್ದಿಲ್ಲದ ಕೋಣೆ ಸಿಗಲಿ. ಮಲಗಲು ಇನ್ನೊಂದು ಚಿಕ್ಕ ಪಂಜರ ಇಟ್ಟರೆ ಸುಲಭ. ರಾತ್ರಿ ಪಂಜರಕ್ಕೆ ಬಟ್ಟೆ ಮುಚ್ಚುವುದು ತಪ್ಪಲ್ಲ, ಶಿಕ್ಷೆಗೆ ಮುಚ್ಚುವುದು ಬೇಡ. ಹಗಲಿನ ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ, ಆಗ ಬೆನ್ನ ಹಿಂದಿನ ಭಯ ಇರುವುದಿಲ್ಲ. ಅಡುಗೆಮನೆಯಲ್ಲಿ ಮಾತ್ರ ಖಂಡಿತ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆಬತ್ತಿ, ಊದುಬತ್ತಿ, ರೂಮ್ ಫ್ರೆಶ್ನರ್ ಕೂಡ ಅದರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಶಾಲು, ಡಬ್ಬ, ಕತ್ತಲೆ ಸಂದಿ ಎಲ್ಲ ಬಂದ್. ಬೆನ್ನು ಸವರುವುದೂ ಬಂದ್. ಮಗಳಿಗೆ ಇದು ಬೇಸರದ ವಿಷಯ, ಗೊತ್ತು. ತಲೆ, ಕತ್ತು ಕೆರೆಯಬಹುದು ಅಂತ ಹೇಳಿ. ಇದು ಅವಳ ತಪ್ಪಲ್ಲ ಅನ್ನುವುದನ್ನೂ ಹೇಳಿ. ಮುಖಕ್ಕೆ ಹಾರುವ ಅಭ್ಯಾಸ ನಿಲ್ಲುವ ತನಕ ಹಕ್ಕಿ ಯಾರ ಹೆಗಲ ಮೇಲೂ ಕೂರುವುದು ಬೇಡ. ಕಣ್ಣಿಗೆ ತಗುಲಿದರೆ ಸರಿಪಡಿಸಲು ಆಗದ ಗಾಯ ಆಗಬಹುದು.

ಊಟ ಬದಲಿಸುವಾಗ ಆತುರ ಬೇಡ. ಬರೀ ಸೂರ್ಯಕಾಂತಿ ಬೀಜ ತಿಂದ ಗಿಳಿಗೆ ಕೊಬ್ಬು ಜಾಸ್ತಿ, ಎ ವಿಟಮಿನ್ ಮತ್ತು ಕ್ಯಾಲ್ಸಿಯಂ ಕಡಿಮೆ. ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಕುಂಬಳ, ಎಳೆ ಜೋಳ, ಮೊಳಕೆ ಹೆಸರುಕಾಳು, ಹಸಿಮೆಣಸಿನಕಾಯಿ ಎಲ್ಲ ಕೊಡಬಹುದು. ಮೆಣಸಿನ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ ಮಾತ್ರ ವಿಷ. ಹೊಸ ಆಹಾರ ತಿನ್ನುತ್ತಿದೆಯಾ ಅಂತ ತಕ್ಕಡಿ ಹೇಳುತ್ತದೆ. ತೂಕ ಇಳಿದರೆ ಹಳೆಯದಕ್ಕೆ ಮರಳಿ, ಇನ್ನೂ ನಿಧಾನವಾಗಿ ಬದಲಿಸಿ. ಹೊಸ ಊಟ ಚೆನ್ನಾಗಿ ತಿನ್ನತೊಡಗಿದ ಮೇಲೆ ಸೂರ್ಯಕಾಂತಿ ಬೀಜವನ್ನು ಬಟ್ಟಲಿನಿಂದ ತೆಗೆಯಿರಿ. ಅದಿನ್ನು ನಿಮ್ಮ ಮತ್ತು ನಿಮ್ಮ ಯಜಮಾನರ ಕೈಯಿಂದ ಮಾತ್ರ ಸಿಗಬೇಕು. ಮಗಳ ಕೈಯಿಂದಲೂ ಬೇಡ. ಇನ್ನೊಂದು ಇಷ್ಟದ ತಿನಿಸು ನವಣೆ ತೆನೆ. ಅಂಗಡಿಗಳಲ್ಲಿ ಮಿಲೆಟ್ ಸ್ಪ್ರೇ ಅಂತ ದುಬಾರಿ ಬೆಲೆಗೆ ಮಾರುವುದು ಇದನ್ನೇ. ಕೊಪ್ಪಳ, ಬಳ್ಳಾರಿ ಕಡೆಯ ನೆಂಟರಿದ್ದರೆ ಔಷಧಿ ಹೊಡೆಯದ ತೆನೆ ತರಿಸಿಕೊಳ್ಳಿ.

ಆಮೇಲೆ ನಂಬಿಕೆಯ ಕೆಲಸ. ಮಿಂಚು ಮೈ ಬಿಗಿಯದೆ ತಿನ್ನುತ್ತಾ ಇರುವಷ್ಟು ದೂರದಲ್ಲಿ ಕುರ್ಚಿ ಹಾಕಿ ಕೂರಿ. ಪುಸ್ತಕ ಓದಿ, ಸೊಪ್ಪು ಬಿಡಿಸಿ, ಮೆಲ್ಲಗೆ ಮಾತಾಡಿ. ಪಂಜರದ ಪಕ್ಕ ಹಾದುಹೋಗುವಾಗಲೆಲ್ಲ ಬಟ್ಟಲಿಗೆ ಒಂದು ಬೀಜ ಹಾಕಿ, ನಿಲ್ಲದೆ ಮುಂದೆ ಹೋಗಿ. ಏನನ್ನೂ ಕೇಳದೆ ಕೊಟ್ಟು ಹೋಗುವುದು ಇಲ್ಲಿ ಮುಖ್ಯ. ಕೆಲವು ದಿನಗಳಲ್ಲಿ ನೀವು ಬರುವುದನ್ನು ಕಂಡರೆ ಅದು ಬಟ್ಟಲ ಹತ್ತಿರ ಬರತೊಡಗುತ್ತದೆ. ಆಗ ಕಂಬಿಯ ಸಂದಿನಿಂದ ಕೊಡಿ. ಬೆರಳಿಗೆ ಭಯ ಇದ್ದರೆ ಉದ್ದ ಹಿಡಿಕೆಯ ಚಮಚದಲ್ಲಿ ಕೊಡಿ. ಭಯ ಅದುಮಿಟ್ಟುಕೊಂಡು ಕೈ ಮುಂದಿಡುವ ಅಗತ್ಯ ಇಲ್ಲ.

ಮುಂದಿನದು ಕಡ್ಡಿ ಆಟ. ಒಂದು ಬಿದಿರಿನ ಕಡ್ಡಿ ತೋರಿಸಿ. ಅದು ಕುತೂಹಲದಿಂದ ಕೊಕ್ಕಿನಲ್ಲಿ ಮುಟ್ಟಿದ ಕೂಡಲೇ ‘ಭೇಷ್’ ಅನ್ನಿ, ಬೀಜ ಕೊಡಿ. ಪ್ರತಿ ಸಲವೂ ಅದೇ ಪದ, ಅದೇ ದನಿ. ಎರಡು ಮೂರು ನಿಮಿಷ ಸಾಕು. ಅದಕ್ಕೆ ಸಾಕಾಗುವ ಮೊದಲೇ ನಿಲ್ಲಿಸಿ. ಕೆಲವು ದಿನಗಳಲ್ಲಿ ಕಡ್ಡಿ ಹೋದ ಕಡೆ ಹಕ್ಕಿ ಬರುತ್ತದೆ. ಇದರಿಂದ ನಿಮ್ಮ ದೊಡ್ಡ ಕಷ್ಟ ನೀಗುತ್ತದೆ. ನೀರಿನ ಬಟ್ಟಲು ತೆಗೆಯುವಾಗ ಕಡ್ಡಿ ತೋರಿಸಿ ಹಕ್ಕಿಯನ್ನು ಪಂಜರದ ಆ ತುದಿಗೆ ಕರೆಯಿರಿ, ಅಲ್ಲಿ ತೆನೆಯ ತುಂಡು ಕೊಡಿ, ಈ ಕಡೆ ನಿಮ್ಮ ಕೆಲಸ ಮುಗಿಸಿ. ಪಂಜರ ಅದರ ಮನೆ. ಒಳಗೆ ಕೈ ಹಾಕಿ ಹಿಡಿದು ಹೊರಗೆ ತರುವುದನ್ನು ಪೂರ್ತಿ ಬಿಡಿ. ಬಾಗಿಲು ತೆರೆದಿಡಿ, ಅದಾಗಿಯೇ ಬರಲಿ.

ಕೈ ಮೇಲೆ ಹತ್ತಿಸುವುದು ಕೊನೆಯ ಹಂತ. ಹೊಟ್ಟೆಗೆ ಬೆರಳು ಒತ್ತಿ ಹತ್ತಿಸುವ ಪದ್ಧತಿ ಎಲ್ಲ ಕಡೆ ಇದೆ. ಹಕ್ಕಿಗೆ ಅಲ್ಲಿ ಬೇರೆ ದಾರಿಯೇ ಇರುವುದಿಲ್ಲ, ಹಾಗಾಗಿ ನಾನು ಹೇಳಿಕೊಡುವುದಿಲ್ಲ. ಮೊದಲು ಒಂದು ಕೋಲು ಹಿಡಿದು ಅದರ ಮೇಲೆ ಹತ್ತುವ ಅಭ್ಯಾಸ ಆಗಲಿ. ಆಮೇಲೆ ಕೈಯನ್ನು ಒಂದು ಗೇಣು ದೂರದಲ್ಲಿ ಅಲುಗಾಡದೆ ಇಟ್ಟು, ಕಡ್ಡಿಯನ್ನು ಕೈಯ ಆಚೆ ತೋರಿಸಿ. ಬಂದರೆ ಬೀಜ, ಕೂಡಲೇ ಅದರ ಜಾಗಕ್ಕೆ ಇಳಿಸಿ. ಬರದಿದ್ದರೆ ಇವತ್ತಿಗೆ ಸಾಕು. ಕೆಲವು ಹಕ್ಕಿಗಳು ವಾರದಲ್ಲಿ ಹತ್ತುತ್ತವೆ, ಕೆಲವು ನಾಲ್ಕು ತಿಂಗಳು ತೆಗೆದುಕೊಳ್ಳುತ್ತವೆ.

ನಡುವೆ ಕಚ್ಚಿದರೆ ಕಿರುಚದೆ, ಕೊಡವದೆ, ಕೈಯನ್ನು ಹತ್ತಿರದ ಮೇಜಿಗೆ ಇಳಿಸಿ. ಅದು ತಾನೇ ಇಳಿಯುತ್ತದೆ. ಗಾಯವನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಆಳವಾಗಿದ್ದರೆ ವೈದ್ಯರಿಗೆ ತೋರಿಸಿ, ಟಿಟಿ ಚುಚ್ಚುಮದ್ದಿನ ಬಗ್ಗೆ ಕೇಳಿ. ರೇಬೀಸ್ ಬರುತ್ತದಾ ಅಂತ ಹೆದರುವವರು ತುಂಬ ಇದ್ದಾರೆ. ಅದು ಸಸ್ತನಿಗಳ ರೋಗ, ಗಿಳಿ ಕಚ್ಚಿದರೆ ಬರುವುದಿಲ್ಲ. ಗಾಯ ತೊಳೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಚ್ಚುವ ಮೊದಲು ಯಾವ ಸೂಚನೆ ಕೊಟ್ಟಿತ್ತು, ನಾನು ಎಲ್ಲಿ ದಾಟಿಹೋದೆ?

ಕಿರುಚಾಟದ ಲೆಕ್ಕ

ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಕೂಗಿತು, ಅದಕ್ಕೆ ಮೊದಲು ಏನಾಯಿತು, ಆಮೇಲೆ ನೀವೇನು ಮಾಡಿದಿರಿ. ಬೆಳಗ್ಗೆ ಮತ್ತು ಸಂಜೆ ಒಂದಿಷ್ಟು ಹೊತ್ತು ಕೂಗುವುದು ಹಿಂಡಿನ ಹಕ್ಕಿಯ ಸಹಜ ಗುಣ. ಅದನ್ನು ಬಿಟ್ಟುಬಿಡಿ. ಆ ಹೊತ್ತಿಗೆ ಕಿಟಕಿ ಮುಚ್ಚಿ, ಕೆಳಗಿನ ಮನೆಯವರ ಹತ್ತಿರ ಕೂತು ಮಾತಾಡಿ. ಇಂಥ ಹೊತ್ತಿಗೆ ಕೂಗು ಇರುತ್ತದೆ, ಉಳಿದದ್ದನ್ನು ಕಡಿಮೆ ಮಾಡಲು ಪ್ರಯತ್ನಿಸುತ್ತಿದ್ದೇವೆ ಅಂತ ಹೇಳಿದರೆ ಹೆಚ್ಚಿನವರು ಅರ್ಥಮಾಡಿಕೊಳ್ಳುತ್ತಾರೆ.

ನೀವು ಅಡುಗೆಮನೆಗೆ ಹೋದಾಗಿನ ಕೂಗು ಬೇರೆ. ‘ಎಲ್ಲಿದ್ದೀಯಾ?’ ಅಂತ ಅದು ಕೇಳುತ್ತಿದೆ. ಕಾಡಿನಲ್ಲಿ ಹಿಂಡು ‘ಇಲ್ಲೇ ಇದ್ದೀನಿ’ ಅಂತ ಉತ್ತರ ಕೊಡುತ್ತದೆ. ನಿಮ್ಮ ಮನೆಯಲ್ಲಿ ಮೊದಲ ಸಣ್ಣ ಕೂಗಿಗೆ ಯಾರೂ ಉತ್ತರ ಕೊಡಲಿಲ್ಲ, ಕಿರುಚಿದಾಗ ನಿಮ್ಮ ಯಜಮಾನರು ಓಡಿ ಬಂದರು. ಗದರಿಸಲು ಬಂದರೋ ಮುದ್ದಿಸಲು ಬಂದರೋ, ಹಕ್ಕಿಗೆ ಅದು ಲೆಕ್ಕಕ್ಕಿಲ್ಲ. ಜನ ಬಂದರು ಅಲ್ವಾ?

ಹಾಗಾಗಿ ಅದನ್ನು ತಿರುಗಿಸಿ. ಒಂದು ಚಿಕ್ಕ ಸಿಳ್ಳೆ ಆರಿಸಿಕೊಳ್ಳಿ. ಕೋಣೆ ಬಿಡುವಾಗ ಸಿಳ್ಳೆ ಹಾಕಿ, ಒಳಗಿನಿಂದ ಮತ್ತೆ ಹಾಕಿ. ಮಿಂಚು ಮೆಲ್ಲನೆ ಸದ್ದು ಮಾಡಿದರೆ, ಸಿಳ್ಳೆ ಅನುಕರಿಸಿದರೆ, ತನ್ನಷ್ಟಕ್ಕೆ ಗುಣುಗುಟ್ಟಿದರೆ ಕೂಡಲೇ ಉತ್ತರ ಕೊಡಿ, ಆಗಾಗ ಬಂದು ಬೀಜವನ್ನೂ ಕೊಡಿ. ಕಿರುಚಿದಾಗ ಯಾರೂ ಬರಬಾರದು, ನೋಡಬಾರದು, ಮಾತಾಡಬಾರದು. ಒಂದು ಉಸಿರಿನಷ್ಟು ನಿಲ್ಲಿಸಿತೋ, ಆ ಕ್ಷಣ ಸಿಳ್ಳೆ ಹಾಕಿ. ಶುರುವಿನಲ್ಲಿ ಕಿರುಚಾಟ ಇನ್ನೂ ಜೋರಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ ದಾರಿ ಈಗ ಯಾಕೆ ಮಾಡುತ್ತಿಲ್ಲ ಅಂತ ಅದು ಒಂದು ಕೈ ನೋಡುತ್ತದೆ. ಹೆಚ್ಚಿನ ಮನೆಗಳು ಸೋಲುವುದು ಈ ಹಂತದಲ್ಲೇ. ಐದು ದಿನ ತಡೆದು ಆರನೆಯ ದಿನ ಓಡಿ ಬಂದರೆ, ಅಷ್ಟು ಜೋರಾಗಿ ಕೂಗಿದರೆ ಮಾತ್ರ ಬರುತ್ತಾರೆ ಅಂತ ಕಲಿತುಬಿಡುತ್ತದೆ. ಅದಕ್ಕೇ ಮನೆಯವರೆಲ್ಲ ಕೂತು ಒಪ್ಪಿಕೊಂಡ ಮೇಲೆ ಶುರುಮಾಡಿ. ನಿಮ್ಮತ್ತೆಯನ್ನೂ ಸೇರಿಸಿಕೊಳ್ಳಿ. ಹದ್ದನ್ನೋ ಬೆಕ್ಕನ್ನೋ ಕಂಡು ಹೆದರಿ ಕೂಗಿದರೆ ಮಾತ್ರ ಹೋಗಿ ನೋಡಿ, ಅದನ್ನು ಕಡೆಗಣಿಸಬಾರದು.

ಬೇಸರಕ್ಕೆ ಕೂಗುವುದೂ ಇದೆ. ಕಾಡಿನ ಗಿಳಿಗೆ ದಿನದ ಬಹುಪಾಲು ಊಟ ಹುಡುಕುವುದೇ ಕೆಲಸ. ನಿಮ್ಮ ಮಿಂಚುವಿಗೆ ಬಟ್ಟಲಿನ ಮುಂದೆ ಐದು ನಿಮಿಷ, ಉಳಿದ ಹೊತ್ತು ಖಾಲಿ. ಕಾಳನ್ನು ಕಾಗದದಲ್ಲಿ ಸುತ್ತಿ ಕೊಡಿ, ತೆಂಗಿನ ಚಿಪ್ಪಿನಲ್ಲಿ ಬಚ್ಚಿಡಿ, ಜೋಳವನ್ನು ಸಿಪ್ಪೆ ಸಮೇತ ಕಟ್ಟಿ. ಅಡಿಕೆ ಹಾಳೆಯ ತುಂಡು ಸೀಳಲು ತುಂಬ ಚೆನ್ನ. ಸೀಬೆ ಮರದ ಕೊಂಬೆಯನ್ನು ತೊಗಟೆ ಸಮೇತ ಕೂರಲು ಇಟ್ಟರೆ ಅದನ್ನು ಸುಲಿಯುತ್ತಾ ಗಂಟೆ ಕಳೆಯುತ್ತದೆ. ನೀವು ಅಡುಗೆಗೆ ಹೋಗುವ ಐದು ನಿಮಿಷ ಮೊದಲು ಇಂಥದ್ದೊಂದು ಕೊಟ್ಟು ಹೋಗಿ.

ಜೋಡಿ ತರುವುದು, ಬೇರೆಯವರಿಗೆ ಕೊಡುವುದು

ಈಗ ಜೋಡಿ ತರುವುದು ಬೇಡ. ಬೆದೆಗೆ ಬಂದ ಹಕ್ಕಿಯ ಜಾಗಕ್ಕೆ ಅಪರಿಚಿತ ಹಕ್ಕಿ ಬಂದರೆ ಕಾಲ್ಬೆರಳು ತುಂಡಾಗುವಷ್ಟು ಜಗಳ ಆಗಬಹುದು. ಹೊಂದಿಕೊಂಡರೆ ಎರಡೂ ಸೇರಿ ಗೂಡು ಕಾಯುತ್ತವೆ, ಕೂಗೂ ಎರಡಾಗುತ್ತದೆ. ಹೊಸ ಹಕ್ಕಿ ರೋಗ ತರಬಹುದು, ಅದರಲ್ಲಿ ಸಿಟಕೋಸಿಸ್‌ನಂಥ ಮನುಷ್ಯರಿಗೂ ತಗಲುವ ರೋಗಗಳಿವೆ. ಗಿಳಿಗೆ ಗಿಳಿಯ ಜೊತೆ ಬೇಕು ಅನ್ನುವುದು ನಿಜ. ದಿನವಿಡೀ ಮನೆ ಖಾಲಿ ಇರುವವರಿಗೆ ಜೋಡಿ ತನ್ನಿ ಅಂತ ನಾನೇ ಹೇಳುತ್ತೇನೆ. ಮಿಂಚು ಸಮಾಧಾನಕ್ಕೆ ಬಂದ ಮೇಲೆ, ವೈದ್ಯರಿಂದ ತಪಾಸಣೆ ಮಾಡಿಸಿ, ವಾರಗಟ್ಟಲೆ ಬೇರೆ ಕೋಣೆಯಲ್ಲಿಟ್ಟು ಪರಿಚಯಿಸಬಹುದು. ಕಚ್ಚುವುದಕ್ಕೆ ಮದ್ದಾಗಿ ಮಾತ್ರ ತರಬೇಡಿ.

ಕೊಟ್ಟುಬಿಡುವ ಬಗ್ಗೆ ಕೇಳಿದ್ದೀರಿ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆ ಬೇಡ. ಸನ್ ಕಾನ್ಯೂರ್ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಬದುಕಬಲ್ಲದು. ಮಗಳು ಓದಲು ಹೊರಗೆ ಹೋದ ಮೇಲೂ ಅದು ನಿಮ್ಮ ಜೊತೆ ಇರುತ್ತದೆ. ಈಗ ಹೇಳಿದ್ದನ್ನೆಲ್ಲ ನಾಲ್ಕೈದು ತಿಂಗಳು ಮಾಡಿ ನೋಡಿ. ಮುಖಕ್ಕೆ ಹಾರುವುದು ನಿಲ್ಲದಿದ್ದರೆ ಹಾರ್ಮೋನು ತಗ್ಗಿಸುವ ಚುಚ್ಚುಮದ್ದಿನ ದಾರಿಯೂ ಇದೆ, ಆದರೆ ಅದು ಪಕ್ಷಿತಜ್ಞ ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕಾದದ್ದು. ಆಮೇಲೂ ಆಗದಿದ್ದರೆ, ಅಥವಾ ಕಟ್ಟಡದಲ್ಲಿ ಇರುವುದೇ ಕಷ್ಟವಾದರೆ, ದೊಡ್ಡ ಹಾರಾಟದ ಪಂಜರವಿರುವ, ಗಿಳಿ ಸಾಕಿ ಗೊತ್ತಿರುವವರಿಗೆ ಕೊಡುವುದು ಹಕ್ಕಿಗೂ ಒಳ್ಳೆಯದೇ. ಸಂತೆಯಲ್ಲೋ ಅಂಗಡಿಯಲ್ಲೋ ಮರಳಿ ಮಾರಿದರೆ ಅದು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಹೊರಗೆ ಹಾರಿಬಿಡುವ ಮಾತೇ ಬೇಡ, ಇದು ಈ ನೆಲದ ಹಕ್ಕಿ ಅಲ್ಲ.

ಇಟ್ಟುಕೊಂಡರೂ ಕೊಟ್ಟರೂ ಕಾಗದಪತ್ರ ನೋಡಿಕೊಳ್ಳಿ. ಸನ್ ಕಾನ್ಯೂರ್, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿ. ಲವ್ ಬರ್ಡ್‌ಗಳಲ್ಲಿ ಗುಲಾಬಿ ಮುಖದ್ದು, ಬಡ್ಜಿ ಮತ್ತು ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು ಕೇಂದ್ರ ಸರ್ಕಾರದ 2024ರ ನಿಯಮಗಳ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಅಂಗಡಿಯ ರಸೀದಿ ಹುಡುಕಿ ಇಟ್ಟುಕೊಳ್ಳಿ. ನೋಂದಣಿ ಇನ್ನೂ ಆಗಿಲ್ಲದಿದ್ದರೆ ನಿಮ್ಮ ವಲಯದ ಅರಣ್ಯ ಕಚೇರಿಯಲ್ಲಿ ಕೇಳಿ, ಈ ವಾರವೇ ಆ ಕೆಲಸ ಶುರುಮಾಡಿ.